ಉಗುರಗಲದ ಪೆಟ್ಟಿಗೆ

ಪುಣೆಗೆ ಬಂದು ಮೂವತ್ತು ವರುಷವಾದರೂ ಧಾರವಾಡದ ಮಣ್ಣು ನನ್ನ ಚಪ್ಪಲಿಯಿಂದ ಪೂರ್ತಿ ಉದುರಿಲ್ಲ. ನಮ್ಮ ಅವ್ವ ಹೋಗುವ ಮುಂಚೆ ಹಾಡಿದ ಬೀಸುವ ಪದ, ಸೋಬಾನೆ, ಜೋಗುಳಗಳೆಲ್ಲ ನನ್ನ ಮೊಬೈಲಿನಲ್ಲಿದ್ದುವು. ಅವನ್ನು ಭದ್ರವಾಗಿಡಲೆಂದು ತಂಗಿಯ ಮಗ ಒಂದು ಮೆಮೊರಿ ಕಾರ್ಡು ತಂದ. ಉಗುರಗಲದ ವಸ್ತು, ಒಳಗೆ 64 ಜಿಬಿ! ತನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪನ್ನು ನನಗೆ ಕೊಟ್ಟು, ಕಾರ್ಡಿಗೆ ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಹಾಕಿದ. ಸನ್ ಮೈಕ್ರೋಸಿಸ್ಟಮ್ಸ್‌ನವರು 2005ರಲ್ಲಿ ಹೊರತಂದ ಈ ಏರ್ಪಾಡು ದೊಡ್ಡ ದೊಡ್ಡ ಸರ್ವರುಗಳಿಗಾಗಿ ಹುಟ್ಟಿದ್ದು. ಬರೆದ ಪ್ರತಿಯೊಂದು ತುಂಡಿಗೂ ಒಂದು ತಾಳೆಯ ಅಂಕಿಯನ್ನಿಟ್ಟು, ಓದುವಾಗಲೆಲ್ಲ ಅಂಗಡಿಯ ಶೆಟ್ಟರು ಖಾತೆ ನೋಡಿದಂತೆ ತಾಳೆ ನೋಡುತ್ತದೆ. ಇನ್ನು ಅಂಜಿಕೆಯಿಲ್ಲ ಎಂದುಕೊಂಡೆ. ಹಾಗೆಂದುಕೊಂಡದ್ದೇ ಕೆಟ್ಟಿತು.

ಒಂದು ಭಾನುವಾರ, ಉಳಿದಿದ್ದ ಒಂದು ಜೋಗುಳವನ್ನು ಮೊಬೈಲಿನಿಂದ ಕಾರ್ಡಿಗೆ ಸಾಗಿಸಿದೆ. ನಕಲು ಮಾಡಲಿಲ್ಲ, ಸಾಗಿಸಿಯೇಬಿಟ್ಟೆ. ಪರದೆ ‘ಮುಗಿಯಿತು’ ಎಂದಿತು. ಕೂಡಲೇ ಹಲ್ಲು ಕಿತ್ತಂತೆ ಕಾರ್ಡನ್ನು ಕಿತ್ತು ನಮ್ಮಾಕೆಯ ವಿಂಡೋಸ್ ಯಂತ್ರಕ್ಕೆ ತುರುಕಿದೆ. ಆಕೆಗೂ ಕೇಳಿಸುವ ಉತ್ಸಾಹ! ಫಾರ್ಮ್ಯಾಟ್ ಮಾಡಲೇ ಎಂದು ಯಂತ್ರ ಕೇಳಿತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು.

“ತಿಳೀಲಾರದ ಮಾತಿಗೆ ಹೂಂ ಯಾಕ ಅಂತೀರಿ? ಹುಡುಗನ್ನ ಕೇಳ್ರಿ” ಎಂದಳು ಆಕೆ.

ಹುಡುಗ ಬಂದ. “ಮಾಮಾ, ಈ ಕಾರ್ಡ್ ಓದಾಕ ಆ ಯಂತ್ರಕ್ಕ ಬರೂದಿಲ್ಲ. ಹೂಂ ಅಂದಿದ್ರ ಎಲ್ಲಾ ಹೋಗತಿತ್ತು” ಎಂದ. ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡಿ ನೋಡಿದರೆ ಹಳೆಯ ಹಾಡುಗಳೆಲ್ಲ ಇದ್ದುವು. ಹಳೆಯದರ ಮೇಲೆ ಬರೆಯದೆ, ಹೊಸ ಜಾಗದಲ್ಲಿ ಬರೆದು ಆಮೇಲೆ ಲೆಕ್ಕ ಬದಲಿಸುವ ಪದ್ಧತಿಯಿಂದ ಅಷ್ಟು ಉಳಿಯಿತು. ಆ ಜೋಗುಳ ಮಾತ್ರ ಇರಲಿಲ್ಲ. ಪರದೆ ‘ಮುಗಿಯಿತು’ ಎಂದಾಗ ಅದು ಇನ್ನೂ ಯಂತ್ರದ ನೆನಪಿನಲ್ಲಿಯೇ ಇತ್ತು, ಕಾರ್ಡಿಗೆ ಇಳಿದಿರಲಿಲ್ಲ.

ಈಗ ‘ಎಕ್ಸ್‌ಪೋರ್ಟ್’ ಆಜ್ಞೆ ಕೊಟ್ಟು, ಅದು ಮುಗಿಯುವತನಕ ನಾನು ಕಾರ್ಡು ಮುಟ್ಟುವುದಿಲ್ಲ. ತಿಂಗಳಿಗೊಮ್ಮೆ ‘ಸ್ಕ್ರಬ್’ ಮಾಡಿಸಿ ಎಲ್ಲವನ್ನೂ ತಾಳೆ ನೋಡುತ್ತೇನೆ. ತಾಳೆ ತಪ್ಪಿದರೆ ಅದು ತಪ್ಪನ್ನು ತೋರಿಸೀತು. ಇನ್ನೊಂದು ಪ್ರತಿಯಿಲ್ಲದೆ ತಿದ್ದಲಾರದು. ಒಂದೇ ಕಾರ್ಡಿನಲ್ಲಿ ಎರಡು ಪ್ರತಿ ಇಡಿಸಬಹುದು ನಿಜ, ಆದರೆ ಕಾರ್ಡೇ ಸತ್ತರೆ ಎರಡೂ ಸತ್ತಂತೆ. ಆದುದರಿಂದ ಮತ್ತೊಂದು ಪ್ರತಿ ಹುಬ್ಬಳ್ಳಿಯಲ್ಲಿ ತಂಗಿಯ ಮನೆಯ ಡಿಸ್ಕಿನಲ್ಲಿದೆ. ಊರ ಹಾಡುಗಳನ್ನು ಕೂಡಿಟ್ಟುಕೊಂಡಿರುವ ಬಂಧುಗಳೇ, ನೀವೂ ಹೀಗೆ ಮಾಡಿರಿ.

ಆ ಜೋಗುಳದ ಎರಡು ಸಾಲು ನಮ್ಮಾಕೆಗೆ ನೆನಪಿವೆ. ಮೊಮ್ಮಗಳನ್ನು ತೂಗುವಾಗ ಹಾಡುತ್ತಾಳೆ. ಮೂರನೆಯ ಸಾಲಿಗೆ ಬಂದಾಗ ಇಬ್ಬರೂ ಸುಮ್ಮನಾಗುತ್ತೇವೆ.