ಕಬ್ಬಿನ ನಾಡಿನಲ್ಲಿ ಕುಲದ ಮಾತು

ಕಳೆದ ಮಾರ್ಗಶಿರ ಮಾಸದಲ್ಲಿ ಒಂದು ಕೌಟುಂಬಿಕ ಕಾರ್ಯದ ನಿಮಿತ್ತವಾಗಿ ನಾವು ನಾಲ್ವರು ಧಾರವಾಡದಿಂದ ಹೊರಟು ಹುಕ್ಕೇರಿ, ಗೋಕಾಕ, ಮೂಡಲಗಿಗಳನ್ನು ಸಂದರ್ಶಿಸಿ ಬಂದೆವು. ನಾಲ್ವರೆಂದರೆ ನಾನು, ನನ್ನ ಮನೆಯವರು, ಎಪ್ಪತ್ತು ದಾಟಿದ ನಮ್ಮ ಅಕ್ಕ ಮತ್ತು ನನ್ನ ಅಣ್ಣನ ಮಗಳು. ಅಣ್ಣನು ಗತಿಸಿ ಬಹಳ ವರ್ಷಗಳಾಗಿರುವುದರಿಂದ ಆ ಹುಡುಗಿಯ ಲಗ್ನದ ಭಾರವು ನಮ್ಮ ಮೇಲೆಯೇ ಇದ್ದಿತು. ಮೂಡಲಗಿಯ ಕಡೆಯ ಒಂದು ಒಕ್ಕಲುತನದ ಮನೆಯಿಂದ ಸಂಬಂಧವು ಕೂಡಿಬರುವಂತಿತ್ತು. ವರನು ಸುಶಿಕ್ಷಿತ, ಸದ್ಗುಣಿ. ಹುಡುಗ ಹುಡುಗಿಯರು ಮಾತನಾಡಿ ಒಪ್ಪಿಯೂ ಇದ್ದರು. ಆದರೆ ವರನ ಅಜ್ಜಿಯ ತವರೂರು ಯಾವುದು, ಆಕೆಯ ಕುಲ ಯಾವುದು ಎಂಬುದು ಯಾರಿಗೂ ತಿಳಿಯದೆಂಬ ಮಾತೊಂದು ಅಕ್ಕನ ಕಿವಿಗೆ ಬಿದ್ದಿತ್ತು. "ಏಳು ತಲಿ ನೋಡಿ ಹೆಣ್ಣು ಕೊಡಬೇಕು ತಮ್ಮಾ. ಇಲ್ಲಿ ಎರಡನೇ ತಲೀನ ಸಿಗವಲ್ದು" ಎಂದು ಆಕೆಯು ಪಟ್ಟು ಹಿಡಿದಿದ್ದಳು. ಕಣ್ಣಾರೆ ನೋಡಿ ನಿರ್ಣಯಿಸೋಣವೆಂದು ನಾವು ಹೊರಟದ್ದು.

ಬೆಳಗಾವಿಯನ್ನು ದಾಟಿದ ಮೇಲೆ ಹುಡುಗಿಯು ತನ್ನ ಮೊಬೈಲಿನಲ್ಲಿ ಯಾವುದೋ ಇಂಗ್ಲಿಷ್ ಹಾಡನ್ನು ಹಚ್ಚಿದಳು. "ಇದೇನು ಹಾಡೊ, ಜಗಳೊ?" ಎಂದು ಅಕ್ಕ ಕೇಳಿದಳು. ಹುಡುಗಿಯು ನಕ್ಕು, ಹಾಡುವಾಕೆಯು ನಿಕಿ ಮಿನಾಜ್ ಎಂಬ ಲೋಕವಿಖ್ಯಾತ ಗಾಯಕಿಯೆಂದೂ, ಆಕೆಯ ನಿಜವಾದ ಹೆಸರು ಒನಿಕಾ ತಾನ್ಯಾ ಮರಾಜ್ ಎಂದೂ ತಿಳಿಸಿದಳು. "ಮರಾಜ ಅಂದರ ನಮ್ಮ ಮಹಾರಾಜ ಇದ್ದಂಗೈತಲ್ಲ! ಈಕಿ ಯಾವ ಮಂದಿ?" ಎಂಬುದು ಅಕ್ಕನ ಮುಂದಿನ ಪ್ರಶ್ನೆ. ಆ ಹಾಡುಗಳು ನಮ್ಮ ವಯಸ್ಸಿಗೆ ಒಗ್ಗುವಂತಹವಲ್ಲ. ಆದರೆ ಪ್ರಶ್ನೆಯು ಮಾತ್ರ ಒಳ್ಳೆಯದಾಗಿತ್ತು. ಉತ್ತರವನ್ನು ದಾರಿಯಲ್ಲಿ ಹೇಳುವೆನೆಂದು ನಾನು ಮಾತು ಕೊಟ್ಟೆನು.

ಹುಕ್ಕೇರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಆದಿಲಶಾಹಿ ಕಾಲದ ಗುಮ್ಮಟಗಳು. ಕಲ್ಲಿನ ಗಾರೆಯ ಕೆಲಸವು ಅಲ್ಲಲ್ಲಿ ಉದುರಿದ್ದರೂ ಅವುಗಳ ಗಾಂಭೀರ್ಯವು ಇನ್ನೂ ಅಳಿದಿಲ್ಲ. ಈ ಊರಿನೊಡನೆ ಕೂಡಿ ಬರುವ ಹಳೆಯ ಹೆಸರುಗಳಲ್ಲಿ ಐನ್-ಉಲ್-ಮುಲ್ಕ್ ಗಿಲಾನಿ ಎಂಬ ಸರದಾರನದೊಂದು. ಗಿಲಾನವೆಂಬುದು ಇರಾನದಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಸೀಮೆ. ಅವನ ಒಡೆಯರಾದ ಆದಿಲಶಹರ ಮೂಲಪುರುಷ ಯೂಸುಫನೂ ಹೊರನಾಡಿನಿಂದ ಬಂದವನೇ. ಅವನು ಕೈಹಿಡಿದದ್ದು ಮುಕುಂದರಾಯನೆಂಬ ಮರಾಠಾ ನಾಯಕನ ಸೋದರಿಯನ್ನು ಎಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಹೀಗಿರಲು ವಿಜಾಪುರದ ಸಿಂಹಾಸನದ ಮೇಲೆ ಕುಳಿತವರ ಮೈಯಲ್ಲಿಯೇ ಎರಡು ನಾಡುಗಳ ರಕ್ತ ಹರಿಯುತ್ತಿತ್ತು. ಇದನ್ನು ಕೇಳಿದ ಅಕ್ಕ, "ರಾಜರ ಮಾತು ಬ್ಯಾರೆ. ಅವರಿಗೆ ಯಾರು ಕೇಳತಾರ?" ಎಂದಳು. ಅದೂ ಸುಳ್ಳಲ್ಲ. ಕುಲದ ಲೆಕ್ಕವನ್ನು ಲೋಕವು ಕೇಳುವುದು ಬಡವರನ್ನೇ.

ಹುಕ್ಕೇರಿಯಿಂದ ಗೋಕಾಕದ ಕಡೆಗೆ ತಿರುಗಿದರೆ ಎರಡೂ ಮಗ್ಗುಲಿಗೆ ಕಬ್ಬು. ಹಿಡಕಲ್ಲಿನ ಹತ್ತಿರ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯದ ನೀರು ಕಾಲುವೆಗಳಲ್ಲಿ ಹರಿದು ಈ ಸೀಮೆಯನ್ನು ಹಸಿರುಗೊಳಿಸಿದೆ. ಸುಗ್ಗಿಯ ಕಾಲವಾದುದರಿಂದ ಕಬ್ಬು ತುಂಬಿದ ಗಾಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿ ಕಾರಖಾನೆಗಳ ಕಡೆಗೆ ಸಾಗುತ್ತಿದ್ದವು. ಹೊಲಗಳ ಅಂಚಿಗೆ ಕಬ್ಬಿನ ಗರಿಯನ್ನೇ ಹೊದಿಸಿದ ಪುಟ್ಟ ಜೋಪಡಿಗಳಿದ್ದವು. ಇವು ಮಳೆ ಕಡಿಮೆಯಿರುವ ಸೀಮೆಗಳಿಂದ ಪ್ರತಿವರ್ಷವೂ ಕಬ್ಬು ಕಡಿಯಲು ಬರುವ ಟೋಳಿಗಳ ಬೀಡುಗಳು. ಮುಕಾದಮನಿಂದ ಮುಂಗಡ ಹಣವನ್ನು ಪಡೆದು, ಅದು ತೀರುವವರೆಗೆ ಗಂಡ ಹೆಂಡಿರಿಬ್ಬರೂ ದುಡಿಯುವರು. ಮಕ್ಕಳು ಜೋಪಡಿಯ ನೆರಳಿನಲ್ಲಿ ಬೆಳೆಯುವರು.

ಇಲ್ಲಿಯೇ ನಾನು ಅಕ್ಕನಿಗೆ ಕೊಟ್ಟ ಮಾತನ್ನು ಸಲ್ಲಿಸಿದೆನು.

ಕಬ್ಬಿನ ರಸವನ್ನು ಕಾಸಿ ಹರಳುಗಟ್ಟಿಸುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರು ನಮ್ಮವರು. 'ಶರ್ಕರಾ' ಎಂಬ ನಮ್ಮ ಶಬ್ದವೇ ಪಾರಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್' ಆಗಿ, ಕೊನೆಗೆ ಇಂಗ್ಲಿಷಿನಲ್ಲಿ 'ಶುಗರ್' ಆಯಿತು. ಶಬ್ದದ ಸಂಗಡ ಬೆಳೆಯೂ ಪಶ್ಚಿಮಕ್ಕೆ ಹೋಯಿತು. 1493ರಲ್ಲಿ ಕೊಲಂಬಸನು ತನ್ನ ಎರಡನೆಯ ಯಾತ್ರೆಯಲ್ಲಿ ಕಬ್ಬನ್ನು ಕ್ಯಾರಿಬಿಯನ್ ದ್ವೀಪಗಳಿಗೆ ಒಯ್ದನು. ಅಲ್ಲಿ ಅದು ಚೆನ್ನಾಗಿ ಬೆಳೆಯಿತು. ಬೆಳೆದುದೇ ಮನುಷ್ಯರಿಗೆ ಶಾಪವಾಯಿತು. ಕಡಿಯುವ ಕೈಗಳಿಗಾಗಿ ಯುರೋಪಿನವರು ಆಫ್ರಿಕದ ಜನರನ್ನು ಸಂಕೋಲೆ ಹಾಕಿ ಹಡಗಿನಲ್ಲಿ ತುಂಬಿ ತಂದರು. ಅದೇ ಆಫ್ರಿಕದಿಂದ ಈ ಕಡೆಗೂ ಜನರು ಬಂದರು: ನಮ್ಮ ಖಾನಾಪುರದ ಕಾಡಿನಲ್ಲಿಯೂ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳಲ್ಲಿಯೂ ಇರುವ ಸಿದ್ದಿಯರ ಹಿರಿಯರು ಅವರೇ.

ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮರು ಪೂರ್ಣವಾಗಿ ಬಂಧಮುಕ್ತರಾದದ್ದು 1838ರಲ್ಲಿ. ತೋಟದ ಒಡೆಯರು ಆಗ ಕೂಲಿಗಳಿಗಾಗಿ ಹಿಂದೂಸ್ಥಾನದ ಕಡೆಗೆ ಕೈ ಚಾಚಿದರು. 1845ರ ಮೇ 30ರಂದು ಕಲಕತ್ತೆಯಿಂದ ಹೊರಟ 'ಫತೇಲ್ ರಝಾಕ್' ಎಂಬ ಹಡಗು ಇನ್ನೂರಕ್ಕೂ ಮಿಕ್ಕಿದ ಭಾರತೀಯರೊಡನೆ ಟ್ರಿನಿಡಾಡನ್ನು ಮುಟ್ಟಿತು. ಐದು ವರ್ಷಗಳ ಕರಾರಿನ ಮೇಲೆ ದುಡಿಯುವ ಈ ಪದ್ಧತಿಯು 1917ರವರೆಗೆ ನಡೆದು, ಆ ಒಂದು ದ್ವೀಪಕ್ಕೆಯೇ ಸುಮಾರು 1,44,000 ಜನರು ಹೋದರು. ಬಹುಜನರು ಗಂಗಾತೀರದವರು, ಮದ್ರಾಸಿನಿಂದ ಹಡಗು ಹತ್ತಿದವರೂ ಕೆಲವರು. ಹಡಗಿನಲ್ಲಿ ಎಲ್ಲ ಜಾತಿಯವರೂ ಒಂದೇ ಕಡೆ ಉಂಡು ಮಲಗಬೇಕಾಯಿತು. ತಿಂಗಳುಗಟ್ಟಲೆ ಸಮುದ್ರದಲ್ಲಿ ಕೂಡಿ ಬಂದವರು ಒಬ್ಬರನ್ನೊಬ್ಬರು 'ಜಹಾಜಿ ಭಾಯಿ' ಎಂದು ಕರೆದುಕೊಂಡರು. ಆ ನಂಟು ರಕ್ತದ ನಂಟಿಗೆ ಸಮವೆಂದು ಎಣಿಸಲ್ಪಟ್ಟಿತು.

ಕಾಲಕ್ರಮದಲ್ಲಿ ಆಫ್ರಿಕದವರ ಮಕ್ಕಳೂ ಭಾರತದವರ ಮಕ್ಕಳೂ ಅಲ್ಲಲ್ಲಿ ಮದುವೆಯಾದರು. ಅವರ ಸಂತಾನಕ್ಕೆ 'ದೋಗ್ಲಾ' ಎಂಬ ಹೆಸರು ಬಿದ್ದಿತು. ಹಿಂದಿಯಲ್ಲಿ ಇದು ಬೈಗುಳ. ಬೆರಕೆಯ ಹುಟ್ಟಿನವನೆಂದು ಅರ್ಥ. ಆದರೆ ಇಂದು ಅಲ್ಲಿ ಅದೇ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವವರೂ ಇದ್ದಾರೆ. ನಮ್ಮ ಹುಡುಗಿಯ ಗಾಯಕಿಯು 1982ರ ಡಿಸೆಂಬರ 8ರಂದು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿನಲ್ಲಿ ಇಂತಹ ವಂಶದಲ್ಲಿಯೇ ಹುಟ್ಟಿದವಳು. ತಂದೆಯ ಕಡೆಯಿಂದ ಭಾರತದ ಮೂಲ, ತಾಯಿಯ ಕಡೆಯಿಂದ ಆಫ್ರಿಕದ ಮೂಲ. ಎಳೆಯ ವಯಸ್ಸಿನಲ್ಲಿಯೇ ಆಕೆಯು ನ್ಯೂಯಾರ್ಕಿಗೆ ಹೋಗಿ ನೆಲೆಸಿದಳು. ಅಕ್ಕನು ಊಹಿಸಿದಂತೆ 'ಮರಾಜ್' ಎಂಬುದು 'ಮಹಾರಾಜ'ದ ಸವೆದ ರೂಪವೇ ಸರಿ. ಊರು ಮರೆತಿತು, ಭಾಷೆ ಮರೆತಿತು, ಹೆಸರಿನ ಚೂರೊಂದು ಮಾತ್ರ ಉಳಿಯಿತು.

ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಂದರ ಈ ಕಬ್ಬ ಅವರನ್ನು ಊರು ಬಿಡಿಸಿದ್ದು" ಎಂದಳು.

ಗೋಕಾಕದ ಧಬಧಬೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಘಟಪ್ರಭೆಯು ಸುಮಾರು 52 ಮೀಟರುಗಳಷ್ಟು ಕೆಳಕ್ಕೆ ಧುಮುಕುವ ಈ ಸ್ಥಳವು ಮಳೆಗಾಲದಲ್ಲಿ ಕೆಂಪು ನೀರಿನಿಂದ ಭೋರ್ಗರೆಯುತ್ತದೆ. ನಾವು ಹೋದಾಗ ನೀರು ಬಂಡೆಗಳ ನಡುವೆ ತೆಳ್ಳಗೆ ಇಳಿಯುತ್ತಿತ್ತು. ದಡದ ಪ್ರಾಚೀನ ದೇಗುಲ, ಕಣಿವೆಯ ಮೇಲಿನ ತೂಗುಸೇತುವೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನೀರಿನ ಬಲವನ್ನು ನಂಬಿ ಹುಟ್ಟಿದ ನೂಲಿನ ಗಿರಣಿ, ಎಲ್ಲವನ್ನೂ ನೋಡಿಕೊಂಡು ಊರೊಳಗೆ ಬಂದು ಕರದಂಟು ಕೊಂಡೆವು. ಬೆಲ್ಲ, ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಇವೆಲ್ಲ ಕೂಡಿದರೆ ಕರದಂಟು. ಇವುಗಳಲ್ಲಿ ಗೋಡಂಬಿಯು ಪೋರ್ತುಗೀಜರು ಬ್ರಾಜಿಲದಿಂದ ತಂದುದು. ನಮ್ಮ ಕಬ್ಬು ಆ ಕಡೆಗೆ ಹೋದರೆ, ಅತ್ತಣ ಗೋಡಂಬಿ ಈ ಕಡೆಗೆ ಬಂದು ನಮ್ಮ ಬೆಲ್ಲದೊಡನೆ ಬೆರೆಯಿತು. ಈ ಬೆರಕೆಯನ್ನು ಗೋಕಾಕದ್ದಲ್ಲವೆಂದು ಯಾರು ಹೇಳಿಯಾರು?

ಈಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿಯನ್ನು ಮಧ್ಯಾಹ್ನಕ್ಕೆ ಮುಟ್ಟಿದೆವು. ಬೀಗರಾಗಬೇಕಾದವರ ಮನೆಯು ಹೊಲದಲ್ಲಿಯೇ ಇತ್ತು. ಉಪಚಾರಗಳಾದ ಮೇಲೆ ವರನ ತಂದೆಯು ನಮ್ಮನ್ನು ಕಬ್ಬಿನ ಪಡಕ್ಕೆ ಕರೆದೊಯ್ದನು. "ಅಜ್ಜನ ಕಾಲಕ್ಕ ರಸದಾಳಿ ಇತ್ತರಿ. ಭಾಳ ಸಿಹಿ. ಆದರ ಒಂದು ರೋಗ ಬಂದರ ಹೊಲಕ್ಕ ಹೊಲಾನ ಒಣಗತಿತ್ತು. ಈಗಿಂದು 86032. ಬೆರಕಿ ತಳಿ, ತಡೀತೈತಿ" ಎಂದು ಆತನು ಸರಳವಾಗಿ ಹೇಳಿದನು. ಆ ಅಂಕಿಯ ಹಿಂದೆ 'ಕೋ' ಎಂಬ ಅಕ್ಷರವುಂಟು; ಅದು ಕೊಯಮತ್ತೂರಿನ ಗುರುತು. 1912ರಲ್ಲಿ ಅಲ್ಲಿ ಕಬ್ಬಿನ ತಳಿಗಳ ಸಂಶೋಧನಾಲಯವು ಸ್ಥಾಪಿತವಾಯಿತು. ಬಾರ್ಬರ್ ಮತ್ತು ವೆಂಕಟರಾಮನ್ ಎಂಬ ಪಂಡಿತರು ರಸಗಬ್ಬನ್ನು ಯಾರೂ ಲೆಕ್ಕಿಸದ ಕಾಡುಕಬ್ಬಿನೊಡನೆ ಕೂಡಿಸಿ ಗಟ್ಟಿ ತಳಿಗಳನ್ನು ಹುಟ್ಟಿಸಿದರು. 1930ರ ದಶಕದಲ್ಲಿ ಅಲ್ಲಿಯೇ ಕಬ್ಬಿನ ಸಂಕರವನ್ನು ಅಭ್ಯಸಿಸಿದ ಜಾನಕಿ ಅಮ್ಮಾಳ್ (1897-1984) ಎಂಬ ವಿದುಷಿಯ ತಾಯಿಯ ತಂದೆಯು ಬ್ರಿಟಿಷ್ ಅಧಿಕಾರಿ. ತಾಯಿಯ ತಾಯಿ ಮಲಬಾರದ ಹೆಣ್ಣುಮಗಳು. ಈ ಮಹಿಳೆಗೆ 1977ರಲ್ಲಿ ಪದ್ಮಶ್ರೀ ದೊರೆಯಿತು.

ಮನೆಗೆ ಮರಳಿದಾಗ ಅಕ್ಕನೂ ವರನ ಅಜ್ಜಿಯೂ ಪಡಸಾಲೆಯಲ್ಲಿ ಎದುರುಬದುರಾಗಿ ಕುಳಿತಿದ್ದರು. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅಕ್ಕ ಮುಚ್ಚುಮರೆಯಿಲ್ಲದೆ ತವರೂರನ್ನು ಕೇಳಿದ್ದಳು. ಅಜ್ಜಿಯೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು.

"ನಾ ಆರೇಳು ವರ್ಷದಾಕಿ ಇದ್ದಾಗ ಅಪ್ಪ ಅವ್ವನ ಕೂಡ ಟೋಳ್ಯಾಗ ಬಂದೆ. ಜೋಪಡ್ಯಾಗ ಬ್ಯಾನಿ ಬಂತು. ಒಂದ ವಾರದಾಗ ಇಬ್ಬರೂ ಹೋದರು. ಅಪ್ಪ ತಗೊಂಡ ಮುಂಗಡ ಇನ್ನೂ ತೀರಿರಲಿಲ್ಲ. ಈ ಮನಿ ಹಿರಿಯಾರು ಮುಕಾದಮನ ಲೆಕ್ಕ ಮುಟ್ಟಿಸಿ, ಕೂಸು ಇಲ್ಲೇ ಇರಲಿ ಅಂದರು. ಇಲ್ಲೇ ಬೆಳದೆ, ಇಲ್ಲೇ ಸೊಸಿ ಆದೆ."

"ಊರು?" ಎಂದಳು ಅಕ್ಕ.

"ಗೊತ್ತಿಲ್ಲರಿ. ಮೂಡಣ ದಿಕ್ಕಿನಿಂದ ಬಂದಿವಿ. ಗಾಡ್ಯಾಗ ಬರುವಾಗ ಹೊತ್ತು ಬೆನ್ನ ಹಿಂದ ಹುಟ್ಟತಿತ್ತು."

"ಅವ್ವನ ಹೆಸರು?"

ಅಜ್ಜಿ ತುಸು ತಡೆದಳು. "ಅವ್ವಾ ಅಂತಿದ್ದೆ. ಹೆಸರು ಕೇಳೂದು ತಿಳೀಲಿಲ್ಲ."

ಅಕ್ಕ ಮುಂದೆ ಏನನ್ನೂ ಕೇಳಲಿಲ್ಲ. ಗೋಕಾಕದಿಂದ ತಂದ ಕರದಂಟಿನ ಡಬ್ಬಿಯನ್ನು ಬಿಚ್ಚಿ, ಒಂದು ತುಂಡನ್ನು ಮುರಿದು, ಅರ್ಧವನ್ನು ಆಕೆಯ ಕೈಯಲ್ಲಿಟ್ಟು ಅರ್ಧವನ್ನು ತಾನು ತಿಂದಳು. ನಮ್ಮ ಮನೆಯಲ್ಲಿ ಅಕ್ಕನ ಒಪ್ಪಿಗೆಗೆ ಇದಕ್ಕಿಂತ ಹೆಚ್ಚಿನ ಗುರುತು ಬೇಕಾಗಿರಲಿಲ್ಲ.

ಸಂಜೆ ಮರಳುವಾಗ ಹಾದಿಯ ಬದಿಯ ಜೋಪಡಿಗಳ ಮುಂದೆ ಒಲೆಗಳು ಉರಿಯುತ್ತಿದ್ದವು. ಕಬ್ಬಿನ ಗರಿಗಳ ನಡುವೆ ಮಕ್ಕಳು ಆಡುತ್ತಿದ್ದರು. ಅಕ್ಕ ಗಾಡಿಯನ್ನು ನಿಲ್ಲಿಸಿ, ಉಳಿದ ಕರದಂಟನ್ನು ಆ ಮಕ್ಕಳಿಗೆ ಹಂಚಿಸಿದಳು. ಒಂದೊಂದು ಮಗುವಿನ ಕೈಗೆ ತುಂಡು ಇಡುವಾಗಲೂ, "ನಿನ್ನ ಹೆಸರೇನವಾ? ನಿಮ್ಮವ್ವನ ಹೆಸರೇನು?" ಎಂದು ಕೇಳಿದಳು. ತಾಯಿಯ ಹೆಸರು ತಿಳಿಯದ ಮಗುವಿಗೆ, "ಹೋಗಿ ಈಗ ಕೇಳಿಕೊಂಡು ಬಾ" ಎಂದು ಕಳಿಸಿದಳು.

ಲಗ್ನವು ವೈಶಾಖಮಾಸದಲ್ಲಿ ನಿಶ್ಚಯವಾಯಿತು. ಮೊನ್ನೆ ಲಗ್ನಪತ್ರಿಕೆಯ ಕರಡನ್ನು ಬರೆಯಲು ಕುಳಿತಾಗ, ಹಿರಿಯರ ಹೆಸರುಗಳ ಸಾಲಿನಲ್ಲಿ ಆ ಅಜ್ಜಿಯ ಹೆಸರೇ ಎಲ್ಲಕ್ಕೂ ಮೊದಲು ಬರಬೇಕೆಂದು ಅಕ್ಕ ಹೇಳಿದಳು. ಹಾಗೆಯೇ ಬರೆದಿದ್ದೇವೆ.