ಜಗತ್ತಿನ ಹೊತ್ತಿಗೊಂದು ನಕ್ಷೆ

ಭೂಮಿಯನ್ನು ಕಿತ್ತಳೆ ತೊಳೆಗಳ ಹಾಗೆ ಇಪ್ಪತ್ತನಾಲ್ಕು ಪಾಲು ಮಾಡಿಬಿಟ್ಟರೆ ಕಾಲವಲಯಗಳ ನಕ್ಷೆ ಮುಗಿಯಿತು ಅಂತ ಶಾಲೆಯ ದಿನಗಳಿಂದಲೂ ನಂಬಿಕೊಂಡವರು ಬಹಳ ಮಂದಿ. ಹದಿನೈದು ಡಿಗ್ರಿಗೆ ಒಂದು ಗಂಟೆ, ಲೆಕ್ಕ ಸಲೀಸು. ನಡುಗಡಲಿನಲ್ಲಿ ಅದು ನಡೆಯುತ್ತದೆ ಕೂಡ. ನೆಲಕ್ಕೆ ಕಾಲಿಟ್ಟ ಕೂಡಲೇ ಕೆಡುತ್ತದೆ. ಗ್ರೀನಿಚ್‌ಗಿಂತ ನಾವು ಐದೂವರೆ ಗಂಟೆ ಮುಂದಿದ್ದರೆ ನೇಪಾಳ ಐದೂಮುಕ್ಕಾಲು ಗಂಟೆ ಮುಂದೆ. ಚೀನಾ ಅಷ್ಟುದ್ದಕ್ಕೆ ಹರಡಿಕೊಂಡಿದ್ದರೂ ಇಡೀ ದೇಶಕ್ಕೆ ಬೀಜಿಂಗಿನದೇ ಗಂಟೆ. ಅಫ್ಘಾನಿಸ್ತಾನದ ವಾಖಾನ್ ಕಡೆಯಿಂದ ಚೀನಾದ ಗಡಿ ದಾಟಿದರೆ ಒಂದು ಹೆಜ್ಜೆಗೆ ಗಡಿಯಾರ ಮೂರೂವರೆ ಗಂಟೆ ಮುಂದಕ್ಕೆ ಹೋಗಬೇಕು.

ಇಷ್ಟು ಗೋಜಲಿನ ನಕ್ಷೆಯನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಬರೆದು, ಬೇಕಾದವರು ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟವರಿದ್ದಾರಲ್ಲ, ಅವರ ಬಗ್ಗೆ ನನಗೆ ತುಂಬ ಗೌರವ. ಕಾಲವಲಯಗಳ ನಿಯಮಗಳೆಲ್ಲ ಒಂದು ದತ್ತಸಂಚಯದಲ್ಲಿವೆ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರುಮಾಡಿದ್ದು. ನಮ್ಮ ಫೋನುಗಳಲ್ಲಿ ‘ಏಷ್ಯಾ/ಕೋಲ್ಕತಾ’ ಅಂತ ಕಾಣುವ ಹೆಸರು ಅಲ್ಲಿಂದಲೇ ಬಂದದ್ದು. ಯಾವ ಊರಿನ ಗಂಟೆ ಯಾವ ವರ್ಷ ಹೇಗಿತ್ತು ಎಂಬುದನ್ನು ಅದು ಹೇಳುತ್ತದೆ. ಆ ನಿಯಮ ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಆ ಗೆರೆಗಳನ್ನು ಯಾರೋ ಕೂತು ಎಳೆಯಬೇಕಿತ್ತು. ಎರಿಕ್ ಮುಲ್ಲರ್ ಎಳೆದರು, ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಲೋಕಕ್ಕೆ ಕೊಟ್ಟರು. ಆಮೇಲೆ ಎವಾನ್ ಸಿರೋಕಿ ಬೇರೆ ದಾರಿ ಹಿಡಿದರು. ಸಾವಿರಾರು ಸ್ವಯಂಸೇವಕರು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸಿಟ್ಟ ದೇಶ, ರಾಜ್ಯ, ಜಿಲ್ಲೆಗಳ ಎಲ್ಲೆಗಳನ್ನೇ ಹೆಕ್ಕಿ, ಕೂಡಿಸಿ ಕಳೆದು ವಲಯ ಕಟ್ಟುವ ಪ್ರೋಗ್ರಾಂ ಬರೆದರು. ಎಲ್ಲೆ ಬದಲಾದರೆ ಪ್ರೋಗ್ರಾಂ ಮತ್ತೆ ಓಡಿಸಿದರಾಯಿತು.

ಕೂಡಿಸಿ ಕಳೆಯುವುದು ಎಂದರೆ ಎಷ್ಟು ನಾಜೂಕಿನ ಕೆಲಸ ಅನ್ನುವುದಕ್ಕೆ ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಕಡೆ ನೋಡಬೇಕು. 2015ರವರೆಗೂ ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡು ನೆಲ, ಭಾರತದ ಒಳಗೆ ಬಾಂಗ್ಲಾದ 51. ಅದರಲ್ಲಿ ದಹಲಾ ಖಗ್ರಾಬಾಡಿ ಎಂಬ ಜಾಗವಂತೂ ಬಾಂಗ್ಲಾದೇಶದ ನಡುವಿನ ಭಾರತದ ಊರಿನ ನಡುವೆ ಇದ್ದ ಬಾಂಗ್ಲಾದ ಊರಿನ ನಡುವೆ ಇದ್ದ ಭಾರತ. ಇದ್ದದ್ದು ಒಂದು ಹೊಲದಷ್ಟು. ಅಲ್ಲಿಂದ ಹೊರಟವರು ನೇರವಾಗಿ ನಡೆಯುತ್ತ ಹೋದರೆ, ಕಾಗದದ ಪ್ರಕಾರ ಗಡಿಯಾರವನ್ನು ಅರ್ಧ ಗಂಟೆ ಮುಂದೆ, ಅರ್ಧ ಗಂಟೆ ಹಿಂದೆ, ಮತ್ತೆ ಮುಂದೆ ತಿರುಗಿಸಬೇಕಿತ್ತು. ನಕ್ಷೆಯಲ್ಲಿ ಇದು ಒಂದರೊಳಗೊಂದು ತೂತು. ಒಂದು ತೂತು ತಪ್ಪಿತೋ, ಒಂದಿಡೀ ಊರಿನ ಹೊತ್ತು ತಪ್ಪಿತು. ಆ ವರ್ಷ ಎರಡೂ ದೇಶಗಳು ನೆಲ ಅದಲುಬದಲು ಮಾಡಿಕೊಂಡ ಮೇಲೆ ಅಲ್ಲಿಯ ಜನರಿಗೆ ಕೊನೆಗೂ ಒಂದು ದೇಶ ಅಂತ ಆಯಿತು. ನನಗೆ ದೊಡ್ಡದಾಗಿ ಕಾಣುವುದು ಅದೇ. ನಕ್ಷೆ ಮಾಡುವವರಿಗೆ ಕೆಲಸ ಹಗುರಾದದ್ದು ಆಮೇಲಿನ ಮಾತು.

ಗಡಿಯಂತೆ ಗಂಟೆಯೂ ಬದಲಾಗುತ್ತದೆ; ಜಾತಕದ ವಿಷಯ ಬರುವುದು ಇಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ನಡುವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. 1943ರಲ್ಲಿ ಹುಟ್ಟಿದ ಹಿರಿಯರ ಜನ್ಮಸಮಯವನ್ನು ಹಾಗೆಯೇ ತೆಗೆದುಕೊಂಡರೆ ಲಗ್ನವೇ ತಪ್ಪಬಹುದು. ಇಂಥ ಹಳೆಯ ಗಂಟೆಗಳ ದಾಖಲೆ ಜ್ಯೋತಿಷಿಗಳಿಗೆ ಬೇಕೇ ಬೇಕು. 2011ರಲ್ಲಿ ಆಸ್ಟ್ರೋಲೇಬ್ ಎಂಬ ಅಮೆರಿಕದ ಜ್ಯೋತಿಷ್ಯ ತಂತ್ರಾಂಶದ ಕಂಪನಿ ದತ್ತಸಂಚಯದಲ್ಲಿರುವ ಈ ದಾಖಲೆ ತನ್ನ ಅಟ್ಲಾಸಿನದು ಅಂತ ಓಲ್ಸನ್ ಮತ್ತು ಅದನ್ನು ನೋಡಿಕೊಳ್ಳುತ್ತಿದ್ದ ಪಾಲ್ ಎಗ್ಗರ್ಟ್ ಮೇಲೆ ದಾವೆ ಹೂಡಿತು. ದತ್ತಸಂಚಯವಿದ್ದ ಸರ್ವರ್ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಅಂತರ್ಜಾಲದ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಅದನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಇಂಥ ಊರಿನಲ್ಲಿ ಇಂಥ ದಿನ ಗಂಟೆ ಇಷ್ಟಿತ್ತು ಅನ್ನುವುದು ನಡೆದ ಸಂಗತಿ. ಅದಕ್ಕೆ ಒಡೆಯರು ಇರಕೂಡದು.

ಅದಕ್ಕೇ ಈ ನಕ್ಷೆ ಯಾವ ಷರತ್ತಿನ ಮೇಲೆ ಸಿಗುತ್ತದೆ ಎಂಬುದು ನನಗೆ ಗೆರೆಗಳಷ್ಟೇ ಮುಖ್ಯ. ಮುಲ್ಲರ್ ಕೊಟ್ಟದ್ದು ಪೂರ್ತಿ ದಾನ. ಸಿರೋಕಿಯ ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದೇ ಪರವಾನಗಿ: ಬಳಸಿ, ಹಂಚಿ, ಮಾರಿದರೂ ಸರಿ, ಎಲ್ಲಿಂದ ತಂದಿರಿ ಅಂತ ಹೇಳಿ, ತಿದ್ದಿ ಹಂಚಿದರೆ ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಕೊಡಿ. ನನ್ನ ಒಲವು ಎರಡನೆಯದರ ಕಡೆಗೆ. ಗೆರೆಗಳು ಬದಲಾಗುತ್ತಲೇ ಇರುವಾಗ, ತಿದ್ದಿದವರು ತಮ್ಮಲ್ಲೇ ಇಟ್ಟುಕೊಂಡರೆ ಉಳಿದವರ ಕೈಯಲ್ಲಿರುವುದು ಹಳೆಯದಾಗುತ್ತದೆ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಕೂತು, ದುಬೈ, ಡಲ್ಲಾಸ್‌ಗಳಲ್ಲಿರುವ ಕನ್ನಡಿಗರಿಗೂ ಸರಿಹೊಂದುವ ಪಂಚಾಂಗದ ಆ್ಯಪ್ ಮಾಡಲು ಹೊರಟ ಹುಡುಗಿಗೆ ಈ ನಕ್ಷೆಗೆ ದುಡ್ಡು ಕೊಡಿ ಅಂದರೆ ಅವಳು ಎಲ್ಲಿಂದ ತರಬೇಕು? ಏಕಾದಶಿ ಯಾವತ್ತು ಅನ್ನುವುದು ಆ ಊರಿನ ಸೂರ್ಯೋದಯದ ಮೇಲೆ ನಿಂತಿದೆ. ಅದನ್ನು ಅಲ್ಲಿಯ ಗಂಟೆಯಲ್ಲಿ ಹೇಳಬೇಕಾದರೆ ವಲಯ ಗೊತ್ತಿರಬೇಕು. ನಮ್ಮಲ್ಲೇ ನೋಡಿ, ಒಂದೇ ಗಂಟೆ ಇಟ್ಟುಕೊಂಡರೂ ಮಂಗಳೂರಿನ ನಡುಹಗಲು ಬರುವುದು ಹೆಚ್ಚುಕಡಿಮೆ ಹನ್ನೆರಡೂವರೆಗೆ. ನಮ್ಮ ಗಂಟೆಯನ್ನು ಕಟ್ಟಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ ರೇಖಾಂಶಕ್ಕೆ.

2024ರ ಮಾರ್ಚ್ 1ರಂದು ಕಜಕಸ್ತಾನ ತನ್ನ ಎರಡು ಗಂಟೆಗಳನ್ನು ಬಿಟ್ಟು ಒಂದಕ್ಕೆ ಬಂತು. ಇನ್ನು ಅಲ್ಲಿ ಗೆರೆ ಯಾಕೆ, ಅಳಿಸಿಬಿಡಿ ಅನ್ನಬಹುದು. ಆದರೆ ಅದಕ್ಕೂ ಹಿಂದೆ ಅಲ್ಲಿ ಹೊರಟ ರೈಲು, ಹುಟ್ಟಿದ ಮಗು, ಬರೆದ ಆಸ್ಪತ್ರೆಯ ಚೀಟಿ ಎಲ್ಲಕ್ಕೂ ಹಳೆಯ ಗಂಟೆಯ ಲೆಕ್ಕವೇ ಬೇಕು. ಆದ್ದರಿಂದ ಸಿರೋಕಿಯ ನಕ್ಷೆ ಒಂದಲ್ಲ: ಈಗಿನಿಂದ ಮುಂದಕ್ಕೆ ಒಂದೇ ಗಂಟೆ ಇರುವ ವಲಯಗಳನ್ನು ಕೂಡಿಸಿದ ಪ್ರತಿ ಬೇರೆ, 1970ರಿಂದೀಚಿನ ವ್ಯತ್ಯಾಸಗಳನ್ನು ಉಳಿಸಿಕೊಂಡ ಪ್ರತಿ ಬೇರೆ. ಎರಡೂ ಬಿಟ್ಟಿಯಾಗಿಯೇ ಸಿಗುತ್ತವೆ.