ನಿಲ್ದಾಣದಿಂದ ಮನೆಬಾಗಿಲಿಗೆ

ನಮ್ಮ ವಿಜಯಪುರ ಜಿಲ್ಲೆಯ ರೈಲು ನಿಲ್ದಾಣಗಳ ಹೆಸರನ್ನು ಗಮನಿಸಿದ್ದೀರಾ? ಒಂದು ‘ಇಂಡಿ ರೋಡ್’, ಇನ್ನೊಂದು ‘ಬಸವನ ಬಾಗೇವಾಡಿ ರೋಡ್’. ಊರಿನ ಹೆಸರಿನ ಹಿಂದೆ ‘ರೋಡ್’ ಸೇರಿತೆಂದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಅಲ್ಲಿಂದ ಶುರುವಾಗುತ್ತದೆ ಎಂದೇ ಅರ್ಥ. ರೈಲು ಇಳಿದವರು ಗಂಟುಮೂಟೆ ಹಿಡಿದು ಬಸ್ಸಿಗೋ ಟಂಟಂಗೋ ಕಾಯಬೇಕು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲೇ ಬಂದಿಲ್ಲ.

ಈ ಉಳಿದ ದಾರಿಯ ಕಷ್ಟ ನಮಗೆ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಕಳೆದ ರಜೆಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದಾಗ ಅಲ್ಲಿಯೂ ಇದೇ ಮಾತು ಕೇಳಿದೆ. 2011ರಲ್ಲಿ ಆರಂಭವಾದ ಮೆಟ್ರೋ ರೈಲು ಇಂದು ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಿಸುತ್ತದೆ. ಆದರೆ ನಿಲ್ದಾಣದಿಂದ ಮನೆಗೆ ಉಳಿಯುವ ಒಂದೆರಡು ಕಿಲೋಮೀಟರಿಗೆ ಏನು ಮಾಡುವುದು? ನಡೆದರೆ ಹೊತ್ತಾಗುತ್ತದೆ, ದಿನವೂ ಆಟೋ ಹಿಡಿದರೆ ಕಿಸೆ ಬರಿದಾಗುತ್ತದೆ. ಈ ತುಂಡು ದಾರಿಗೆಂದೇ ಅಲ್ಲಿ ಬಾಡಿಗೆಯ ವಿದ್ಯುತ್ ಬೈಕುಗಳು ಬಂದಿವೆ.

‘ಯುಲು’ ಎಂಬ ಬೆಂಗಳೂರಿನ ಕಂಪೆನಿ 2017ರಲ್ಲಿ ಹುಟ್ಟಿತು. ಮೊದಲು ತುಳಿಯುವ ಸೈಕಲ್ಲುಗಳನ್ನು ಬಾಡಿಗೆಗೆ ಕೊಟ್ಟ ಅದು 2019ರಲ್ಲಿ ವಿದ್ಯುತ್ ವಾಹನಗಳನ್ನು ರಸ್ತೆಗಿಳಿಸಿತು. ಮೆಟ್ರೋ ನಿಲ್ದಾಣಗಳ ಬಳಿ ಅವು ಸಾಲಾಗಿ ನಿಂತಿರುತ್ತವೆ. ಮೊಬೈಲಿನಿಂದ ವಾಹನದ ಮೇಲಿರುವ ಚೌಕದ ಗುರುತನ್ನು ಸ್ಕ್ಯಾನ್ ಮಾಡಿದರೆ ಬೀಗ ತೆರೆಯುತ್ತದೆ. ಬೇಕಾದಲ್ಲಿಗೆ ಹೋಗಿ, ಗೊತ್ತುಪಡಿಸಿದ ಜಾಗದಲ್ಲಿ ನಿಲ್ಲಿಸಿದರೆ ಹೊತ್ತಿನ ಲೆಕ್ಕದಲ್ಲಿ ಹಣ ಕಳೆಯುತ್ತದೆ. ಬಳಿಕ ಅದೇ ವಾಹನ ಇನ್ನೊಬ್ಬರ ಪಾಲಿಗೆ. ಚಾರ್ಜ್ ಮಾಡುವ ಗೋಜು ಸವಾರನಿಗಿಲ್ಲ, ಬ್ಯಾಟರಿಯನ್ನೇ ಬದಲಿಸುತ್ತಾರೆ.

ನನ್ನ ಅಕ್ಕನ ಮಗ ಮುದ್ದೇಬಿಹಾಳ ತಾಲೂಕಿನ ಹಳ್ಳಿಯಿಂದ ಹೋಗಿ ಅಲ್ಲಿ ಮನೆಮನೆಗೆ ದಿನಸಿ ಮುಟ್ಟಿಸುವ ಕೆಲಸ ಮಾಡುತ್ತಾನೆ. ಅವನ ಕೈಯಲ್ಲೂ ಇಂಥದ್ದೇ ಒಂದು ಬಾಡಿಗೆ ಬೈಕು.

“ಮಾಮು, ಇದಕ್ಕ ಲೈಸೆನ್ಸೂ ಬೇಕಾಗಿಲ್ರಿ, ಪೆಟ್ರೋಲೂ ಬೇಕಾಗಿಲ್ರಿ” ಎಂದ.

ಅವನ ಮಾತು ನಿಜ. ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್ ಒಳಗಿನ ಮೋಟಾರಿನ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಂ ದಾಟದ ಬ್ಯಾಟರಿ ವಾಹನವನ್ನು ನಮ್ಮ ಕಾಯ್ದೆ ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ.

“ಸ್ವಂತ ಗಾಡಿ ಯಾಕ ತೊಗೊಳ್ಳಲಿಲ್ಲ?” ಎಂದು ಕೇಳಿದೆ.

“ಎಲ್ಲಿಂದ ತರೂದ್ರಿ ಮಾಮು? ಸಾಲ ಮಾಡಿದ್ರ ಬಡ್ಡಿ. ಬಡ್ಡಿ ರೊಕ್ಕ ಮನಿಗೆ ಬರಬಾರ್ದು ಅಂತ ಅಮ್ಮಿ ಹೇಳ್ಯಾರ. ವಾರದ ಬಾಡಿಗಿ ಕಟ್ಟತೀನಿ, ಉಳದದ್ದು ಊರಿಗಿ ಕಳಸ್ತೀನಿ.”

ಅವನ ಉತ್ತರ ನನ್ನನ್ನು ಯೋಚನೆಗೆ ಹಚ್ಚಿತು. ಬಡ್ಡಿಯ ಬಾಗಿಲು ಮುಚ್ಚಿದವನಿಗೆ ಬಾಡಿಗೆಯ ಬಾಗಿಲು ತೆರೆದಿದೆ. ವಸ್ತುವಿನ ಉಪಯೋಗವನ್ನು ಗೊತ್ತಾದ ಅವಧಿಗೆ, ಗೊತ್ತಾದ ಹಣಕ್ಕೆ ಪಡೆಯುವುದನ್ನು ಶರೀಅತ್ ‘ಇಜಾರಾ’ ಎನ್ನುತ್ತದೆ. ಅದು ಧರ್ಮಸಮ್ಮತ ವ್ಯವಹಾರ. ಹಾಗೆಂದು ಎಲ್ಲವೂ ಸುಗಮವೆಂದಲ್ಲ. ವಾರದ ಬಾಡಿಗೆ ಕಟ್ಟಿದ ಮೇಲೆ ಜ್ವರದಿಂದ ಮಲಗಿದರೂ ದಿನಗಳು ನಿಲ್ಲುವುದಿಲ್ಲ. ಮಳೆಯಲ್ಲಿ ತೊಯ್ಯುತ್ತಾ ಮೂರನೆಯ ಮಹಡಿ ಹತ್ತುವ ಇಂಥ ಹುಡುಗರ ಬೆವರಿಗೆ ತಕ್ಕ ಬೆಲೆ ಸಿಗುತ್ತಿದೆಯೇ ಎಂದು ಬಾಗಿಲಲ್ಲಿ ಸಾಮಾನು ಪಡೆಯುವ ನಾವೂ ಒಮ್ಮೆ ಕೇಳಿಕೊಳ್ಳಬೇಕು.

ಬಾಡಿಗೆ ವಾಹನ ನಮ್ಮ ಊರುಗಳಿಗೆ ಹೊಸದೇನಲ್ಲ. ಹಿಂದೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಗಂಟೆ ಬರೆದಿಡುವ ನೋಟುಬುಕ್ಕು, “ಯಾರ ಮಗಾ ನೀ?” ಎಂಬ ಒಂದು ಪ್ರಶ್ನೆ ಇಷ್ಟೇ ಅಲ್ಲಿನ ವ್ಯವಸ್ಥೆ. ತಂದೆಯ ಹೆಸರೇ ಠೇವಣಿ. ಇಂದು ಆ ಜಾಗದಲ್ಲಿ ಮೊಬೈಲ್ ನಂಬರು ಬಂದಿದೆ. ಆದರೆ ಎರಡರ ತಳಪಾಯವೂ ಒಂದೇ: ವಿಶ್ವಾಸ.

ಆ ವಿಶ್ವಾಸ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಯಿದೆ. 1965ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಕೆಲವು ಯುವಕರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ, ಯಾರು ಬೇಕಾದರೂ ಬಳಸಲಿ ಎಂದು ಬೀದಿಯಲ್ಲಿಟ್ಟರು. ಆ ಪ್ರಯೋಗ ಬಹಳ ದಿನ ಬಾಳಲಿಲ್ಲ. ಮುಂದೆ ಬಂದವರು ಬೀಗವನ್ನೂ ಲೆಕ್ಕವನ್ನೂ ಸೇರಿಸಿದರು. 2007ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರಮಾಣದಲ್ಲಿ ಇಂಥ ಸೇವೆ ಬಂತು. ನಮ್ಮ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನ ಸೇವೆ 450 ಸೈಕಲ್ಲು, 48 ನಿಲ್ದಾಣಗಳೊಂದಿಗೆ ಆರಂಭವಾಯಿತು.

ಬೀಗ, ಲೆಕ್ಕ ಎಲ್ಲವೂ ಇದ್ದರೂ ಯಂತ್ರ ಕಾಯಲಾಗದ ಒಂದು ವಿಷಯವಿದೆ. ಬೆಂಗಳೂರಿನ ಒಂದು ಕಾಲುದಾರಿಯಲ್ಲಿ ಯಾರೋ ಬಾಡಿಗೆ ಬೈಕನ್ನು ಅಡ್ಡಲಾಗಿ ನಿಲ್ಲಿಸಿ ಹೋಗಿದ್ದರು. ಕೋಲೂರಿಕೊಂಡು ಬಂದ ವೃದ್ಧರೊಬ್ಬರು ಅದನ್ನು ದಾಟಲು ಓಡಾಡುವ ವಾಹನಗಳ ನಡುವೆ ರಸ್ತೆಗಿಳಿಯಬೇಕಾಯಿತು. ಬಾಡಿಗೆ ಕೊಟ್ಟವನ ಲೆಕ್ಕ ಮುಗಿದಿತ್ತು, ಹೊಣೆ ಮುಗಿದಿರಲಿಲ್ಲ. ಫಿಕ್ಹ್ ಪಾಠಗಳಲ್ಲಿ ನಾವು ಓದಿದ್ದೇವೆ: ಬಾಡಿಗೆಗೆ ಪಡೆದ ವಸ್ತು ಪಡೆದವನ ಕೈಯಲ್ಲಿ ಅಮಾನತ್. ತಾನಾಗಿ ಕೆಟ್ಟರೆ ಅವನ ಮೇಲೆ ಹೊಣೆಯಿಲ್ಲ, ನಿರ್ಲಕ್ಷ್ಯದಿಂದ ಕೆಡಿಸಿದರೆ ಭರಿಸಬೇಕು. ದಾರಿಯಲ್ಲಿನ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ತೊಂದರೆಯನ್ನು ತಂದು ದಾರಿಯಲ್ಲಿಡುವುದು ಏನಾದೀತು?

ಈಗ ನಮ್ಮ ಊರುಗಳ ಮಾತಿಗೆ ಬರೋಣ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ತಾಲೂಕು ಕೇಂದ್ರದವರೆಗಿನ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಬಸ್ ನಿಲ್ದಾಣದಿಂದ ಕಾಲೇಜಿಗೆ? ಆಸ್ಪತ್ರೆಗೆ? ವೈಶಾಖದ ಬಿಸಿಲಿನಲ್ಲಿ ಆ ಎರಡು ಕಿಲೋಮೀಟರು ಎಷ್ಟು ಉದ್ದ ಎಂಬುದು ನಡೆದವರಿಗೇ ಗೊತ್ತು. “ದಾರಿ ದೂರ, ಸಾಕು ಬಿಡವಾ” ಎಂದು ಮಗಳ ಓದು ನಿಲ್ಲಿಸುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. ಬೆಂಗಳೂರಿನಲ್ಲಿ ಬುರ್ಖಾ ತೊಟ್ಟ ವಿದ್ಯಾರ್ಥಿನಿಯೊಬ್ಬಳು ಆ ಪುಟ್ಟ ವಾಹನವೇರಿ ಯಾರ ಹಂಗೂ ಇಲ್ಲದೆ ಹೋಗುವುದನ್ನು ಕಂಡಾಗ ನನಗೆ ನೆನಪಾದದ್ದು ಆ ಮನೆಗಳ ಹೆಣ್ಣುಮಕ್ಕಳೇ. ಬಟ್ಟೆಯ ಅಂಚು ಗಾಲಿಗೆ ಸಿಗದಂತೆ ಎತ್ತಿ ಕಟ್ಟಿಕೊಳ್ಳಬೇಕು; ಕಾಯ್ದೆ ಕೇಳದಿದ್ದರೂ ಹೆಲ್ಮೆಟ್ ಹಾಕಿಕೊಳ್ಳುವುದು ಒಳ್ಳೆಯದು.

ದೊಡ್ಡ ಕಂಪೆನಿ ಇಂಡಿಗೋ ಸಿಂದಗಿಗೋ ಬರುವವರೆಗೆ ಕಾಯಬೇಕೆಂದೇನಿಲ್ಲ. ಒಂದು ಕಾಲೇಜು, ಒಂದು ಹಾಸ್ಟೆಲ್ ಅಥವಾ ಒಂದು ಜಮಾಅತ್ ಮನಸ್ಸು ಮಾಡಿದರೆ ನಾಲ್ಕೈದು ವಿದ್ಯುತ್ ಸೈಕಲ್ಲುಗಳನ್ನು ಕೊಂಡು, ಅಲ್ಪ ಬಾಡಿಗೆಗೆ ಕೊಟ್ಟು, ಆ ಹಣದಲ್ಲೇ ಅವುಗಳ ದುರಸ್ತಿ ನೋಡಿಕೊಳ್ಳಬಹುದು. ಮದುವೆಯ ಪಾತ್ರೆ ಪಗಡಗಳನ್ನು ಜಮಾಅತ್ ವತಿಯಿಂದ ಎಲ್ಲರಿಗೂ ಒದಗಿಸಿ ರೂಢಿಯಿರುವ ನಮಗೆ ಇದು ಅಸಾಧ್ಯವೇನಲ್ಲ. ಪಾತ್ರೆಯನ್ನು ತೊಳೆದು ಮರಳಿಸುವಂತೆ ಸೈಕಲ್ಲನ್ನೂ ಒರೆಸಿ, ನೆರಳಿನಲ್ಲಿ ನಿಲ್ಲಿಸಿ, ಮುಂದಿನವರಿಗೆ ಬಿಟ್ಟುಕೊಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರಾಯಿತು. ಆ ಮುಂದಿನವರು ಯಾರೆಂದು ನಮಗೆ ಗೊತ್ತಿರುವುದಿಲ್ಲ, ಅಲ್ಲಾಹನಿಗೆ ಗೊತ್ತಿರುತ್ತದೆ.